ತಾರಸಿಯ ಡಿಶ್‌ಗೆ ಇನ್ನೊಂದು ಬ್ಯಾಂಡ್ ಬೇಕೇ?

ರಾಜ್ಯದ ನಗರಗಳ ಹಳೆಯ ಬಡಾವಣೆಗಳಲ್ಲಿ ಕಣ್ಣೆತ್ತಿ ನೋಡಿದರೆ, ತಾರಸಿಗಳ ಮೇಲೆ ಎರಡು ಬಗೆಯ ಡಿಶ್‌ಗಳು ಕಾಣಸಿಗುತ್ತವೆ. ಒಂದು, ಆರೆಂಟು ಅಡಿ ಅಗಲದ, ಜಾಲರಿಯ ಅಥವಾ ತಗಡಿನ ಹಳೆಯ ಡಿಶ್. ಇನ್ನೊಂದು, ಎರಡಡಿ ಅಗಲದ ಪುಟ್ಟ ಡಿಶ್. ಮೊದಲನೆಯದು ಸಿ-ಬ್ಯಾಂಡ್‌ನದು, ಎರಡನೆಯದು ಕೆಯು-ಬ್ಯಾಂಡ್‌ನದು. ಡಿಟಿಎಚ್‌ನ ಮಾಸಿಕ ಬಿಲ್ಲಿನಿಂದ ಬೇಸತ್ತವರು, ಮಳೆಗಾಲದಲ್ಲಿ ಪದೇ ಪದೇ ಕೈಕೊಡುವ ಚಿತ್ರದಿಂದ ರೋಸಿಹೋದವರು, ಹಳೆಯ ದೊಡ್ಡ ಡಿಶ್ಶನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು - ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇರುವ ಡಿಶ್‌ಗೆ ಇನ್ನೊಂದು ಬ್ಯಾಂಡ್ ಸೇರಿಸಿದರೆ ಹೇಗೆ?

ಅಂಗಡಿಯಲ್ಲಿ ಕೇಳಿದರೆ ಉತ್ತರ ಸುಲಭವಾಗಿಯೇ ಸಿಗುತ್ತದೆ. ಎರಡೂ ಬ್ಯಾಂಡ್‌ಗಳಿಗೆ ಒಂದೇ ಎಲ್‌ಎನ್‌ಬಿ ಸಿಗುತ್ತದೆ, ತಿರುಗಿಸಿ ಕೂರಿಸಿದರಾಯಿತು ಎನ್ನುತ್ತಾರೆ. ಆದರೆ ಕೂರಿಸಿದ ಮೇಲೆ ಪರದೆಯಲ್ಲಿ ‘ಸಿಗ್ನಲ್ ಇಲ್ಲ’ ಎಂಬ ಸಂದೇಶವಷ್ಟೇ ಉಳಿಯುವುದುಂಟು. ಇದಕ್ಕೆ ಕಾರಣ ಎಲ್‌ಎನ್‌ಬಿಯ ದೋಷವೇ ಆಗಿರಬೇಕಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಡಿಶ್ಶಿನ ಜ್ಯಾಮಿತಿಯೇ ಕಾರಣ. ಹಣ ಖರ್ಚು ಮಾಡುವ ಮುನ್ನ ಆ ಲೆಕ್ಕವನ್ನು ಅರಿತುಕೊಳ್ಳುವುದು ಒಳಿತು.

ಎರಡು ಬ್ಯಾಂಡ್, ಎರಡು ಸ್ವಭಾವ

ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ, ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತವೆ. ಸಿ-ಬ್ಯಾಂಡ್‌ನ ಸಂಕೇತಗಳು ಅಲ್ಲಿಂದ ಸಾಮಾನ್ಯವಾಗಿ 3.7ರಿಂದ 4.2 ಗಿಗಾಹರ್ಟ್ಸ್ ಆವರ್ತನದಲ್ಲಿ ಇಳಿದುಬರುತ್ತವೆ. ಕೆಯು-ಬ್ಯಾಂಡ್‌ನ ವ್ಯಾಪ್ತಿ 10.7ರಿಂದ 12.75 ಗಿಗಾಹರ್ಟ್ಸ್. ಈ ಅಂಕಿಗಳನ್ನು ಅಲೆಯ ಉದ್ದಕ್ಕೆ ಪರಿವರ್ತಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸಿ-ಬ್ಯಾಂಡ್‌ನ ಅಲೆಯ ಉದ್ದ ಸುಮಾರು 7.5 ಸೆಂ.ಮೀ.; ಕೆಯು-ಬ್ಯಾಂಡ್‌ನದು ಅದರ ಮೂರನೆಯ ಒಂದು ಭಾಗ, ಅಂದರೆ ಸುಮಾರು 2.5 ಸೆಂ.ಮೀ.

ಮುಂದಿನ ಎಲ್ಲ ಲೆಕ್ಕಗಳೂ ಈ ಮೂರರ ಅನುಪಾತದಿಂದಲೇ ಹುಟ್ಟುತ್ತವೆ. ಅಲೆ ಚಿಕ್ಕದಾದಷ್ಟೂ ಚಿಕ್ಕ ಡಿಶ್ ಸಾಕಾಗುತ್ತದೆ, ಆದರೆ ಆ ಡಿಶ್ಶಿನ ಮೈ ಹೆಚ್ಚು ನಯವಾಗಿರಬೇಕು, ಗುರಿ ಹೆಚ್ಚು ನಿಖರವಾಗಿರಬೇಕು, ಮಳೆಯ ಕಾಟವನ್ನೂ ಸಹಿಸಿಕೊಳ್ಳಬೇಕು. ಅಲೆ ದೊಡ್ಡದಾದಷ್ಟೂ ಮಳೆಗೆ ಅಂಜಿಕೆಯಿಲ್ಲ, ಸಣ್ಣಪುಟ್ಟ ತಗ್ಗುದಿಣ್ಣೆಗಳು ಲೆಕ್ಕಕ್ಕಿಲ್ಲ, ಆದರೆ ಡಿಶ್ ಮಾತ್ರ ದೊಡ್ಡದೇ ಬೇಕು.

ಜಾಲರಿಯಿಂದ ತಗಡಿನವರೆಗೆ

ಉಪಗ್ರಹ ಟಿವಿ ಕರ್ನಾಟಕಕ್ಕೆ ಹೊಸದೇನಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಅವುಗಳಲ್ಲಿ ಅಂದಿನ ವಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಲ್ಲಿ ಬಳಸಿದ ಹತ್ತಡಿ ಡಿಶ್‌ಗಳು ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದಲೇ ಸಿದ್ಧವಾಗಿದ್ದವು. ಆ ಪ್ರಸಾರದ ಆವರ್ತನ 860 ಮೆಗಾಹರ್ಟ್ಸ್, ಅಲೆಯ ಉದ್ದ ಸುಮಾರು 35 ಸೆಂ.ಮೀ. ಅಷ್ಟು ದೊಡ್ಡ ಅಲೆಗೆ ಜಾಲರಿಯ ತೂತುಗಳು ಕಾಣುವುದೇ ಇಲ್ಲ. ಅದಕ್ಕೆ ಜಾಲರಿಯೂ ಗೋಡೆಯೇ.

1990ರಲ್ಲಿ ಏಷ್ಯಾಸ್ಯಾಟ್-1 ಉಡಾವಣೆಯಾಯಿತು. 1991ರ ಕೊಲ್ಲಿ ಯುದ್ಧದ ನೇರಪ್ರಸಾರ ಮತ್ತು ಸ್ಟಾರ್ ವಾಹಿನಿಗಳ ಆಗಮನದೊಂದಿಗೆ ಕೇಬಲ್‌ನವರ ತಾರಸಿಗಳಲ್ಲಿ ಸಿ-ಬ್ಯಾಂಡ್ ಡಿಶ್‌ಗಳು ಅರಳಿದವು. ಕೆಯು-ಬ್ಯಾಂಡ್‌ನ ದಾರಿ ಮಾತ್ರ ಇಷ್ಟು ಸುಗಮವಾಗಿರಲಿಲ್ಲ. ಡಿಟಿಎಚ್ ಸೇವೆ ಆರಂಭವಾಗುವ ಮುನ್ನವೇ 1997ರಲ್ಲಿ ಕೇಂದ್ರ ಸರ್ಕಾರ 4,800 ಮೆಗಾಹರ್ಟ್ಸ್‌ಗಿಂತ ಮೇಲಿನ ಪ್ರಸಾರವನ್ನು ಸ್ವೀಕರಿಸುವ ಉಪಕರಣಗಳನ್ನು ನಿಷೇಧಿಸಿತು. 2000ದ ನವೆಂಬರ್‌ನಲ್ಲಿ ಡಿಟಿಎಚ್‌ಗೆ ಬಾಗಿಲು ತೆರೆಯಿತು. 2003ರಲ್ಲಿ ಮೊದಲ ಖಾಸಗಿ ಸೇವೆ ಬಂದರೆ, 2004ರ ಡಿಸೆಂಬರ್ 16ರಂದು ದೂರದರ್ಶನದ ಉಚಿತ ಸೇವೆ ‘ಡಿಡಿ ಡೈರೆಕ್ಟ್ ಪ್ಲಸ್’ ಆರಂಭವಾಯಿತು. ಅದೇ ಇಂದಿನ ‘ಡಿಡಿ ಫ್ರೀ ಡಿಶ್’. ಒಂದೇ ತಾರಸಿಯಲ್ಲಿ ಎರಡು ಪೀಳಿಗೆಯ ಡಿಶ್‌ಗಳು ಕಾಣಸಿಗುವುದರ ಹಿನ್ನೆಲೆ ಇದು.

ದೊಡ್ಡ ಡಿಶ್‌ಗೆ ಕೆಯು ಸೇರಿಸಿದರೆ...

ಎಂಟಡಿ ಡಿಶ್ ಹೇಗೂ ಇದೆ, ಕೆಯು-ಬ್ಯಾಂಡ್‌ಗೆ ಎರಡಡಿ ಸಾಕು, ಹಾಗಾದರೆ ಎಂಟಡಿಯಲ್ಲಿ ಸಂಕೇತ ಧಾರಾಳವಾಗಿ ಸಿಗಬೇಕಲ್ಲವೇ? ತರ್ಕ ಸರಿಯಾಗಿಯೇ ಇದೆ. ಅಡ್ಡಿಯಾಗುವುದು ಮೂರು ಸಂಗತಿಗಳು.

ಮೊದಲನೆಯದು ಡಿಶ್ಶಿನ ಮೈ. ಡಿಶ್ಶಿನ ಆಕಾರ ಆದರ್ಶ ವಕ್ರತೆಯಿಂದ ಸರಾಸರಿ 2 ಮಿ.ಮೀ.ನಷ್ಟು ಆಚೀಚೆ ಆಗಿದೆ ಎಂದಿಟ್ಟುಕೊಳ್ಳೋಣ. ಹಲವು ಮಳೆಗಾಲ ಕಂಡ, ನಾಲ್ಕು ಬಾರಿ ಮನೆ ಬದಲಿಸಿದ ಡಿಶ್ಶಿನಲ್ಲಿ ಇದೇನೂ ದೊಡ್ಡ ದೋಷವಲ್ಲ. ಆಂಟೆನಾ ಎಂಜಿನಿಯರುಗಳು ಬಳಸುವ ರೂಜ್ ಸೂತ್ರದ ಪ್ರಕಾರ ಇಷ್ಟು ದೋಷಕ್ಕೆ ಸಿ-ಬ್ಯಾಂಡ್‌ನಲ್ಲಿ ನಷ್ಟವಾಗುವುದು ಸಂಕೇತದ ಶೇ. 11ರಷ್ಟು ಮಾತ್ರ. ಅದೇ ಡಿಶ್, ಅದೇ ದೋಷ, ಕೆಯು-ಬ್ಯಾಂಡ್‌ನಲ್ಲಾದರೆ ಶೇ. 63ರಷ್ಟು ನಷ್ಟ! ಜಾಲರಿಯ ಡಿಶ್ಶಾದರೆ ಇನ್ನೊಂದು ತೊಡಕಿದೆ. ಜಾಲರಿಯ ತೂತು ಅಲೆಯ ಉದ್ದದ ಹತ್ತನೆಯ ಒಂದು ಭಾಗಕ್ಕಿಂತ ಚಿಕ್ಕದಿರಬೇಕು ಎಂಬುದು ವಾಡಿಕೆಯ ಲೆಕ್ಕ. ಸಿ-ಬ್ಯಾಂಡ್‌ಗೆ 7 ಮಿ.ಮೀ. ತೂತು ನಡೆಯುತ್ತದೆ. ಕೆಯು-ಬ್ಯಾಂಡ್‌ಗೆ ಅದು ಎರಡೂವರೆ ಮಿ.ಮೀ. ಮೀರುವಂತಿಲ್ಲ.

ಎರಡನೆಯದು ಗುರಿ. ಡಿಶ್ ದೊಡ್ಡದಾದಷ್ಟೂ, ಅಲೆ ಚಿಕ್ಕದಾದಷ್ಟೂ ಅದರ ನೋಟ ಕಿರಿದಾಗುತ್ತದೆ. ಎಂಟಡಿ ಡಿಶ್ ಸಿ-ಬ್ಯಾಂಡ್‌ನಲ್ಲಿ ಆಕಾಶದ ಸುಮಾರು 2.2 ಡಿಗ್ರಿ ಅಗಲವನ್ನು ನೋಡುತ್ತದೆ. ಕೆಯು-ಬ್ಯಾಂಡ್‌ನಲ್ಲಿ ಅದರ ನೋಟ ಮುಕ್ಕಾಲು ಡಿಗ್ರಿಗಿಂತಲೂ ಕಡಿಮೆ. ಡಿಶ್ ಅರ್ಧ ಡಿಗ್ರಿಯಷ್ಟು ಆಚೆ ತಿರುಗಿದ್ದರೆ ಸಿ-ಬ್ಯಾಂಡ್‌ನಲ್ಲಿ ಶೇ. 13ರಷ್ಟು ಸಂಕೇತ ಕಡಿಮೆಯಾದೀತು, ವೀಕ್ಷಕರಿಗೆ ಅದು ಗೊತ್ತೂ ಆಗದು. ಕೆಯು-ಬ್ಯಾಂಡ್‌ನಲ್ಲಿ ಅದೇ ಅರ್ಧ ಡಿಗ್ರಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸಂಕೇತವನ್ನು ನುಂಗಿಹಾಕುತ್ತದೆ. ವರ್ಷಗಟ್ಟಲೆ ಚೆನ್ನಾಗಿ ನಡೆದ ಡಿಶ್‌ಗೆ ಕೆಯು ಎಲ್‌ಎನ್‌ಬಿ ಹಾಕಿದಾಕ್ಷಣ ಏನೂ ಸಿಗದಿರುವ ರಹಸ್ಯ ಇದೇ. ಡಿಶ್ ಮೊದಲಿನಿಂದಲೂ ಸ್ವಲ್ಪ ವಾರೆಯಾಗಿಯೇ ಇತ್ತು, ಸಿ-ಬ್ಯಾಂಡ್ ಅದನ್ನು ಕ್ಷಮಿಸಿತ್ತು, ಅಷ್ಟೆ. ಜೋರು ಗಾಳಿಗೆ ಅಲುಗಾಡುವ ಕಂಬದ ಮೇಲಿರುವ ಡಿಶ್ಶಿನ ಪಾಡು ಬೇರೆ ಹೇಳಬೇಕಿಲ್ಲ.

ಮೂರನೆಯದು ನಾಭಿ. ದೊಡ್ಡ ಡಿಶ್‌ಗಳಲ್ಲಿ ಎಲ್‌ಎನ್‌ಬಿ ನಡುಮಧ್ಯದಲ್ಲಿ, ಡಿಶ್ಶಿಗೆ ಸಮೀಪವಾಗಿ ನಿಲ್ಲುತ್ತದೆ. ಸಣ್ಣ ಆಫ್‌ಸೆಟ್ ಡಿಶ್‌ಗಳಲ್ಲಿ ಅದು ಕೆಳಗಿನಿಂದ ಚಾಚಿದ ತೋಳಿನ ತುದಿಯಲ್ಲಿರುತ್ತದೆ. ಸಾಮಾನ್ಯ ಕೆಯು ಎಲ್‌ಎನ್‌ಬಿಯ ಬಾಯಿ ಎರಡನೆಯ ಬಗೆಗೆ ಹೊಂದುವಂತೆ ಕಿರಿದಾದ ನೋಟವನ್ನು ಹೊಂದಿರುತ್ತದೆ. ಅದನ್ನು ದೊಡ್ಡ ಡಿಶ್‌ಗೆ ಕೂರಿಸಿದರೆ ನಡುಭಾಗವನ್ನಷ್ಟೇ ನೋಡುತ್ತದೆ, ಅಂಚುಗಳು ವ್ಯರ್ಥವಾಗುತ್ತವೆ. ಎರಡೂ ಬ್ಯಾಂಡ್‌ಗಳನ್ನು ಒಂದೇ ಡಬ್ಬಿಯಲ್ಲಿಟ್ಟ ಜೋಡಿ ಎಲ್‌ಎನ್‌ಬಿಗಳು ಈ ತೊಡಕನ್ನು ರಾಜಿಸೂತ್ರದಿಂದ ಬಗೆಹರಿಸುತ್ತವೆ. ರಾಜಿ ಎಂದ ಮೇಲೆ ಎರಡೂ ಕಡೆ ಒಂದಿಷ್ಟು ನಷ್ಟ ತಪ್ಪಿದ್ದಲ್ಲ.

ಜೋಡಿ ಎಲ್‌ಎನ್‌ಬಿ ಕೊಳ್ಳುವವರು ಮರೆಯಬಾರದ ಇನ್ನೊಂದು ಮಾತಿದೆ. ಅದು ನೋಡುವುದು ಒಂದೇ ದಿಕ್ಕಿಗೆ. ಹಾಗಾಗಿ ಬೇಕಾದ ಸಿ-ಬ್ಯಾಂಡ್ ಉಪಗ್ರಹ ಮತ್ತು ಬೇಕಾದ ಕೆಯು-ಬ್ಯಾಂಡ್ ಉಪಗ್ರಹ ಎರಡೂ ಆಕಾಶದ ಒಂದೇ ಬಿಂದುವಿನಲ್ಲಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಅದೃಷ್ಟವಶಾತ್ ಅಂಥ ಒಂದು ಬಿಂದು ಭಾರತೀಯ ವೀಕ್ಷಕರ ಪಾಲಿಗಿದೆ. 2015ರ ನವೆಂಬರ್‌ನಲ್ಲಿ ಉಡಾವಣೆಯಾದ, ಡಿಡಿ ಫ್ರೀ ಡಿಶ್ ಸೇವೆಯನ್ನು ಹೊತ್ತ ಜಿಸ್ಯಾಟ್-15 ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. 2017ರ ಜೂನ್‌ನಲ್ಲಿ ಹಾರಿದ, ಸಿ-ಬ್ಯಾಂಡ್ ಸಾಧನಗಳುಳ್ಳ ಜಿಸ್ಯಾಟ್-17 ಕೂಡ ಅಲ್ಲೇ ಇದೆ. ಆದರೆ 2020ರ ಜನವರಿಯಲ್ಲಿ ಉಡಾವಣೆಯಾಗಿ ಇನ್ಸಾಟ್-4ಎ ಸ್ಥಾನವನ್ನು ತುಂಬಿದ ಜಿಸ್ಯಾಟ್-30 ಇರುವುದು 83 ಡಿಗ್ರಿಯಲ್ಲಿ. ಬೆಂಗಳೂರಿನ ತಾರಸಿಯಿಂದ ಮೊದಲನೆಯದು ಆಗ್ನೇಯ ದಿಕ್ಕಿನಲ್ಲಿ ಸುಮಾರು 66 ಡಿಗ್ರಿ ಎತ್ತರದಲ್ಲಿ ಕಂಡರೆ, ಎರಡನೆಯದು ದಕ್ಷಿಣಕ್ಕೆ ಸಮೀಪವಾಗಿ 73 ಡಿಗ್ರಿಗೂ ಮೇಲೆ ಕಾಣುತ್ತದೆ. ಮುಕ್ಕಾಲು ಡಿಗ್ರಿಯ ನೋಟದ ಡಿಶ್‌ಗೆ ಇವೆರಡೂ ಬೇರೆ ಬೇರೆ ಊರುಗಳಿದ್ದಂತೆ.

ಸಣ್ಣ ಡಿಶ್‌ಗೆ ಸಿ-ಬ್ಯಾಂಡ್ ಹೊಂದೀತೇ?

ತಿರುಗಾಮುರುಗಾ ಯೋಚಿಸುವವರೂ ಉಂಟು. ಡಿಟಿಎಚ್‌ನ ಎರಡಡಿ ಡಿಶ್ ಇದೆ, ಅದಕ್ಕೇ ಸಿ-ಬ್ಯಾಂಡ್ ಎಲ್‌ಎನ್‌ಬಿ ಕಟ್ಟಿದರೆ ಮಾಸಿಕ ಶುಲ್ಕವಿಲ್ಲದೆ ವಾಹಿನಿಗಳು ಸಿಕ್ಕಾವು ಎಂಬುದು ಅವರ ಆಸೆ. ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. ಒಂದೇ ಡಿಶ್ ಕೆಯು-ಬ್ಯಾಂಡ್‌ನಲ್ಲಿ ನೀಡುವ ಗಳಿಕೆಯ ಒಂಬತ್ತನೆಯ ಒಂದು ಭಾಗವನ್ನಷ್ಟೇ ಸಿ-ಬ್ಯಾಂಡ್‌ನಲ್ಲಿ ನೀಡಬಲ್ಲದು. ಅದರ ನೋಟವೂ ಸುಮಾರು ಒಂಬತ್ತು ಡಿಗ್ರಿಯಷ್ಟು ಅಗಲವಾಗುತ್ತದೆ. ಭೂಸ್ಥಿರ ಕಕ್ಷೆಯಲ್ಲಿ ಎರಡು-ಮೂರು ಡಿಗ್ರಿಗೊಂದರಂತೆ ಉಪಗ್ರಹಗಳಿರುವಾಗ, ಅಷ್ಟು ಅಗಲದ ನೋಟಕ್ಕೆ ಪಕ್ಕದ ಉಪಗ್ರಹಗಳ ಗದ್ದಲವೂ ಒಟ್ಟಿಗೇ ಬೀಳುತ್ತದೆ. ಪರಿಣಾಮ, ಸಂಕೇತ ಕ್ಷೀಣ, ಗದ್ದಲ ಅಧಿಕ. ಮನೆಯ ಬಳಕೆಗೆ ನೆಚ್ಚಿಕೊಳ್ಳುವಂಥ ಸಿ-ಬ್ಯಾಂಡ್ ಬೇಕೆಂದರೆ ಆರಡಿಯಿಂದ ಎಂಟಡಿಯ ಡಿಶ್ ಬೇಕೇ ಬೇಕು.

ಅಷ್ಟು ದೊಡ್ಡ ಡಿಶ್ ನಿಲ್ಲಿಸುವುದೆಂದರೆ ಬರಿಯ ಕಂಬದ ಮಾತಲ್ಲ. ಗಂಟೆಗೆ 72 ಕಿ.ಮೀ. ವೇಗದ ಗಾಳಿ ನೇರವಾಗಿ ಬೀಸಿದರೆ ಎಂಟಡಿಯ ತಗಡಿನ ಡಿಶ್ಶಿನ ಮೇಲೆ ಬೀಳುವ ಒತ್ತಡ 100 ಕಿಲೋ ತೂಕವನ್ನೂ ಮೀರುತ್ತದೆ. ಬಾಡಿಗೆ ಮನೆಯ ತಾರಸಿಯಲ್ಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಅದು ಆಗದ ಮಾತು. ಸ್ವಂತ ಮನೆಯವರೂ ಅದನ್ನು ಕಾಂಕ್ರೀಟಿನ ತಳಪಾಯಕ್ಕೆ ಬಿಗಿಸಬೇಕೇ ಹೊರತು ತಾರಸಿಯ ಕೈಪಿಡಿಗೋಡೆಗಲ್ಲ.

ಎರಡನೆಯ ಡಿಶ್ಶೇ ಸಲೀಸು

ಇಷ್ಟೆಲ್ಲ ಕಷ್ಟಗಳನ್ನು ತೂಗಿ ನೋಡಿದರೆ ಕಾಣುವ ಸರಳ ಪರಿಹಾರವೆಂದರೆ, ಇರುವ ದೊಡ್ಡ ಡಿಶ್ಶನ್ನು ಅದರ ಪಾಡಿಗೆ ಬಿಟ್ಟು, ಪಕ್ಕದಲ್ಲಿ ಕೆಯು-ಬ್ಯಾಂಡ್‌ಗೆಂದೇ ಪುಟ್ಟ ಡಿಶ್ ನಿಲ್ಲಿಸುವುದು. ಎರಡೂ ಎಲ್‌ಎನ್‌ಬಿಗಳ ತಂತಿಯನ್ನು ‘ಡೈಸೆಕ್’ ಸ್ವಿಚ್ಚೊಂದಕ್ಕೆ ಜೋಡಿಸಿದರೆ, ಅಲ್ಲಿಂದ ಒಂದೇ ಕೇಬಲ್ ಮನೆಯೊಳಗಿನ ರಿಸೀವರಿಗೆ ಇಳಿಯುತ್ತದೆ. ಸಾಮಾನ್ಯ ಡೈಸೆಕ್ ಸ್ವಿಚ್ಚು ನಾಲ್ಕು ಎಲ್‌ಎನ್‌ಬಿಗಳವರೆಗೆ ಒಪ್ಪಿಕೊಳ್ಳುತ್ತದೆ. ಹೀಗೆ ಎರಡು ಬ್ಯಾಂಡ್‌ಗಳನ್ನು ಒಟ್ಟಿಗೆ ನಡೆಸಲು ಡಿಟಿಎಚ್ ಕಂಪನಿಯ ಪೆಟ್ಟಿಗೆ ಒದಗುವುದಿಲ್ಲ. ಮುಕ್ತ ಮಾರುಕಟ್ಟೆಯ ಉಚಿತ ವಾಹಿನಿಗಳ ರಿಸೀವರ್ ಬೇಕು.

ಇಲ್ಲಿ ಎಡವುವುದು ಎರಡು ಕಡೆ. ರಿಸೀವರಿನ ಮೆನುವಿನಲ್ಲಿ ಪ್ರತಿ ಎಲ್‌ಎನ್‌ಬಿಯ ‘ಲೋಕಲ್ ಆಸಿಲೇಟರ್’ ಅಂಕಿಯನ್ನು ಸರಿಯಾಗಿ ನಮೂದಿಸಬೇಕು. ಉಪಗ್ರಹದ ಉನ್ನತ ಆವರ್ತನ ಕೇಬಲ್ಲಿನಲ್ಲಿ ಸಾಗಲಾರದು. ಎಲ್‌ಎನ್‌ಬಿ ಅದನ್ನು ಕೆಳಗಿಳಿಸಿ ಕಳಿಸುತ್ತದೆ. ಸಿ-ಬ್ಯಾಂಡ್‌ನಲ್ಲಿ ಆ ಅಂಕಿ 5150. ಅಂದರೆ 4,000 ಮೆಗಾಹರ್ಟ್ಸ್‌ನ ಸಂಕೇತ ಕೇಬಲ್ಲಿನಲ್ಲಿ 1,150 ಆಗಿ ಇಳಿಯುತ್ತದೆ. ಕೆಯು-ಬ್ಯಾಂಡ್‌ನ ಯೂನಿವರ್ಸಲ್ ಎಲ್‌ಎನ್‌ಬಿಗೆ 9750 ಮತ್ತು 10600 ಎಂಬ ಎರಡು ಅಂಕಿಗಳಿವೆ. 11,500 ಮೆಗಾಹರ್ಟ್ಸ್‌ನ ಸಂಕೇತ 9750ನ್ನು ಕಳೆದು 1,750 ಆಗುತ್ತದೆ. ಅಂಕಿ ತಪ್ಪಿದರೆ ಡಿಶ್ ಎಷ್ಟೇ ಸರಿಯಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ.

ಎರಡನೆಯದು ಸ್ವಿಚ್ಚಿನ ಆಯ್ಕೆ. ಅಗ್ಗದ 22 ಕಿಲೋಹರ್ಟ್ಸ್ ಸ್ವಿಚ್ಚು ಕೂಡ ಎರಡು ಎಲ್‌ಎನ್‌ಬಿಗಳ ನಡುವೆ ಬದಲಾಯಿಸಬಲ್ಲದು. ಆದರೆ ಯೂನಿವರ್ಸಲ್ ಎಲ್‌ಎನ್‌ಬಿಯು ತನ್ನ ಕೆಳ ಮತ್ತು ಮೇಲಿನ ಭಾಗಗಳ ನಡುವೆ ಬದಲಾಯಿಸಲು ಬಳಸುವುದೂ ಅದೇ 22 ಕಿಲೋಹರ್ಟ್ಸ್ ಸಂಜ್ಞೆಯನ್ನು. ಒಂದೇ ಕರೆಗಂಟೆಗೆ ಇಬ್ಬರು ಓಗೊಟ್ಟಂತಾಗಿ ಅರ್ಧ ವಾಹಿನಿಗಳು ಮಾಯವಾಗುತ್ತವೆ. ಆದ್ದರಿಂದ ಎರಡು ಬ್ಯಾಂಡ್‌ಗಳ ಜೋಡಣೆಗೆ ಡೈಸೆಕ್ ಸ್ವಿಚ್ಚೇ ಸೂಕ್ತ.

ಮಳೆಗೆ ಬೇಕಾದದ್ದು ಬ್ಯಾಂಡೇ, ಡಿಶ್ಶೇ?

ಮಲೆನಾಡು ಮತ್ತು ಕರಾವಳಿಯವರ ಪ್ರಶ್ನೆ ಬೇರೆಯೇ. ಆಷಾಢದ ಜಡಿಮಳೆ ಹಿಡಿಯಿತೆಂದರೆ ಡಿಟಿಎಚ್ ಚಿತ್ರ ಚೌಕುಳಿ ಚೌಕುಳಿಯಾಗಿ ಒಡೆದು ಕೊನೆಗೆ ನಿಂತೇಹೋಗುತ್ತದೆ. ಕೆಯು-ಬ್ಯಾಂಡ್‌ನ ಕಿರು ಅಲೆಗಳನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಜೊತೆಗೆ ತಮ್ಮದೇ ಗದ್ದಲವನ್ನೂ ಸೇರಿಸುತ್ತವೆ. ಸಿ-ಬ್ಯಾಂಡ್‌ಗೆ ಈ ಬಾಧೆ ತೀರಾ ಕಡಿಮೆ. ಹಾಗೆಂದು ಮಳೆಗಾಲಕ್ಕಾಗಿಯೇ ಸಿ-ಬ್ಯಾಂಡ್ ಸೇರಿಸಬೇಕೇ?

ಅದಕ್ಕಿಂತ ಅಗ್ಗದ ದಾರಿಯೊಂದಿದೆ. 60 ಸೆಂ.ಮೀ. ಡಿಶ್‌ಗೆ ಬದಲಾಗಿ 90 ಸೆಂ.ಮೀ. ಡಿಶ್ ಹಾಕಿದರೆ ಸಂಗ್ರಹವಾಗುವ ಸಂಕೇತ ಎರಡೂಕಾಲು ಪಟ್ಟು ಹೆಚ್ಚುತ್ತದೆ. ಸಾಧಾರಣ ಮಳೆಯನ್ನು ದಾಟಿಕೊಳ್ಳಲು ಇದು ಸಾಕು. ಮುಗಿಲು ಹರಿದು ಬಿದ್ದಂಥ ಮಳೆಯಲ್ಲಿ ಅದೂ ಸೋಲುತ್ತದೆ ನಿಜ, ಆದರೆ ಅಂಥ ಮಳೆ ದಿನವಿಡೀ ಒಂದೇ ರಭಸದಲ್ಲಿ ಸುರಿಯುವುದಿಲ್ಲ. ಎಲ್‌ಎನ್‌ಬಿಯ ಬಾಯಿಯ ಮುಚ್ಚಳ ಬಿರುಕುಬಿಟ್ಟಿದೆಯೇ, ಕೇಬಲ್ಲಿನ ಕೀಲಿನಲ್ಲಿ ನೀರು ಇಳಿದಿದೆಯೇ, ಡಿಶ್ಶಿನ ಗುರಿ ಸರಿದಿದೆಯೇ ಎಂದು ಮಳೆಗಾಲಕ್ಕೆ ಮುನ್ನ ಪರೀಕ್ಷಿಸಿದರೆ ಅರ್ಧ ತೊಂದರೆ ಅಲ್ಲಿಗೇ ತೀರುವುದೂ ಉಂಟು.

ಸಿ-ಬ್ಯಾಂಡ್ ಮೇಲೆ 5ಜಿ ನೆರಳು

ಸಿ-ಬ್ಯಾಂಡ್‌ಗೆ ಮಳೆಯ ಭಯವಿಲ್ಲದಿದ್ದರೂ ಈಗ ಹೊಸದೊಂದು ಭಯವಿದೆ. 2022ರ ಆಗಸ್ಟ್ 1ರಂದು ಮುಗಿದ ಹರಾಜಿನಲ್ಲಿ 3,300ರಿಂದ 3,670 ಮೆಗಾಹರ್ಟ್ಸ್‌ವರೆಗಿನ ತರಂಗಗುಚ್ಛವನ್ನು ಮೊಬೈಲ್ ಸೇವೆಗೆ ನೀಡಲಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಆರಂಭವಾಯಿತು. ಹಳೆಯ ಸಿ-ಬ್ಯಾಂಡ್ ಎಲ್‌ಎನ್‌ಬಿಗಳಲ್ಲಿ ಹಲವು 3,400ರಿಂದ 4,200ರವರೆಗೂ ಕಿವಿ ತೆರೆದುಕೊಂಡಿರುತ್ತವೆ. 36,000 ಕಿ.ಮೀ. ದೂರದಿಂದ ಬರುವ ಪಿಸುಮಾತಿಗೆ ಕಿವಿಗೊಟ್ಟ ಎಲ್‌ಎನ್‌ಬಿಗೆ ಪಕ್ಕದ ಬೀದಿಯ 5ಜಿ ಗೋಪುರದ ಸಂಕೇತ ಧ್ವನಿವರ್ಧಕದಂತೆ ಅಪ್ಪಳಿಸುತ್ತದೆ. ಎಲ್‌ಎನ್‌ಬಿ ಕಿವುಡಾಗುತ್ತದೆ, ಎಲ್ಲ ವಾಹಿನಿಗಳೂ ಒಮ್ಮೆಗೇ ಮರೆಯಾಗುತ್ತವೆ.

ಇದಕ್ಕೆ ಮದ್ದು, 3,700ಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಒಳಗೇ ಇರುವ ಎಲ್‌ಎನ್‌ಬಿ. ಕೇಬಲ್ಲಿಗೆ ಫಿಲ್ಟರ್ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಒಳಗಿನ ಆಂಪ್ಲಿಫೈಯರ್ ಆಗಲೇ ತತ್ತರಿಸಿರುತ್ತದೆ. ನಗರದಲ್ಲಿ ಸಿ-ಬ್ಯಾಂಡ್ ಉಳಿಸಿಕೊಳ್ಳಬೇಕೆನ್ನುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕ 2020ರ ಡಿಸೆಂಬರ್‌ನಲ್ಲಿ ಆರಂಭಿಸಿದ ಹರಾಜಿನಲ್ಲಿ 3,700ರಿಂದ 3,980ರವರೆಗಿನ ಭಾಗವನ್ನೂ ಮೊಬೈಲ್‌ಗೆ ಬಿಟ್ಟುಕೊಟ್ಟಿರುವುದನ್ನು ನೋಡಿದರೆ, ಈ ಬ್ಯಾಂಡ್‌ನ ಮೇಲೆ ಕಣ್ಣಿಟ್ಟವರು ಕಡಿಮೆಯೇನಿಲ್ಲ.

ನೋಡುವುದೇನು ಎಂಬುದೇ ಮೊದಲ ಪ್ರಶ್ನೆ

ತಾಂತ್ರಿಕ ಲೆಕ್ಕವೆಲ್ಲ ಸರಿಹೋದರೂ ಕೊನೆಯ ಪ್ರಶ್ನೆ ಬೇರೆ. ಡಿಶ್‌ಗೆ ಸಂಕೇತ ಸಿಗುವುದು ಒಂದು, ವಾಹಿನಿ ಕಾಣುವುದು ಇನ್ನೊಂದು. ಖಾಸಗಿ ಡಿಟಿಎಚ್ ಸೇವೆಗಳ ವಾಹಿನಿಗಳು ಗೂಢಲಿಪಿಯಲ್ಲಿರುತ್ತವೆ; ಆಯಾ ಕಂಪನಿಯ ಪೆಟ್ಟಿಗೆ, ಕಾರ್ಡು ಇಲ್ಲದೆ ತೆರೆಯವು. ಸಿ-ಬ್ಯಾಂಡ್‌ನಲ್ಲಿಯೂ ಪಾವತಿ ವಾಹಿನಿಗಳು ಕೇಬಲ್ ಮತ್ತು ಡಿಟಿಎಚ್ ಸಂಸ್ಥೆಗಳಿಗಾಗಿ ಬರುವಂಥವು, ಮನೆಗಳಿಗಲ್ಲ. ಬೀಗ ಹಾಕದೆ ಬರುವುದು ಉಚಿತ ವಾಹಿನಿಗಳು ಮಾತ್ರ. ಅವು ಕೂಡ ಕಾಲಕಾಲಕ್ಕೆ ಉಪಗ್ರಹ ಬದಲಿಸುತ್ತವೆ. ವಿದೇಶಿ ಉಪಗ್ರಹಗಳು ಭಾರತದಲ್ಲಿ ಸೇವೆ ನೀಡಲು ಇನ್-ಸ್ಪೇಸ್ ಸಂಸ್ಥೆಯ ಅನುಮತಿ ಪಡೆಯುವುದು ಕಡ್ಡಾಯವಾದ ಮೇಲೆ ಈ ವಲಸೆಗೆ ಇನ್ನೊಂದು ಕಾರಣ ಸೇರಿದೆ. ಇಂದು ಒಂದು ಉಪಗ್ರಹಕ್ಕೆ ತಿರುಗಿಸಿ ಬಿಗಿಸಿದ ಡಿಶ್ಶನ್ನು ನಾಳೆ ಇನ್ನೊಂದರತ್ತ ತಿರುಗಿಸಬೇಕಾಗಿ ಬರಬಹುದು.

ಹೀಗಾಗಿ ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ನಿಜವಾಗಿ ನೋಡುವ ಹತ್ತು ವಾಹಿನಿಗಳ ಹೆಸರನ್ನು ಚೀಟಿಯಲ್ಲಿ ಬರೆದು, ಅವು ಯಾವ ಉಪಗ್ರಹದಲ್ಲಿ, ಯಾವ ಬ್ಯಾಂಡ್‌ನಲ್ಲಿ, ಉಚಿತವಾಗಿ ಬರುತ್ತಿವೆಯೇ ಎಂದು ತಿಳಿದುಕೊಳ್ಳುವುದು ಉಳಿದೆಲ್ಲಕ್ಕಿಂತ ಮುಖ್ಯ. ಆ ಹತ್ತರಲ್ಲಿ ಬಹುಪಾಲು ಡಿಡಿ ಫ್ರೀ ಡಿಶ್‌ನಲ್ಲಿದ್ದರೆ, ಎರಡಡಿಯ ಡಿಶ್ ಮತ್ತು ಅದಕ್ಕೆ ತಕ್ಕ ಪೆಟ್ಟಿಗೆ ಸಾಕು. ದೊಡ್ಡ ಡಿಶ್ಶಿನ ಗೊಡವೆಯೇ ಬೇಡ. ಬಹುಪಾಲು ಪಾವತಿ ವಾಹಿನಿಗಳಾದರೆ ಯಾವ ಬ್ಯಾಂಡ್ ಸೇರಿಸಿದರೂ ಮಾಸಿಕ ಬಿಲ್ಲು ತಪ್ಪದು. ಗಟ್ಟಿಯಾದ ತಗಡಿನ ದೊಡ್ಡ ಡಿಶ್ ಈಗಾಗಲೇ 93.5 ಡಿಗ್ರಿಯತ್ತ ನೋಡುತ್ತಿದ್ದು, ಸ್ಪ್ಯಾನರ್ ಹಿಡಿದು ಕೂದಲೆಳೆಯಷ್ಟು ತಿರುಗಿಸುವ ತಾಳ್ಮೆಯೂ ಇದ್ದವರಿಗೆ ಮಾತ್ರ ಜೋಡಿ ಎಲ್‌ಎನ್‌ಬಿ ಒಪ್ಪುತ್ತದೆ. ಬೇರೆ ಬೇರೆ ಉಪಗ್ರಹಗಳ ಉಚಿತ ವಾಹಿನಿಗಳು ಬೇಕೆನ್ನುವವರಿಗೆ ಎರಡು ಡಿಶ್, ಒಂದು ಡೈಸೆಕ್ ಸ್ವಿಚ್ಚು.

ಹೊಸದಾಗಿ ಸಿ-ಬ್ಯಾಂಡ್ ಡಿಶ್ ನಿಲ್ಲಿಸುವ ಯೋಚನೆಯಲ್ಲಿರುವ ನಗರವಾಸಿಗಳು ಮಾತ್ರ ತಾರಸಿಯಲ್ಲೊಮ್ಮೆ ನಿಂತು ಸುತ್ತ ನೋಡುವುದು ಒಳ್ಳೆಯದು. ಹತ್ತಿರದಲ್ಲೇ ಮೊಬೈಲ್ ಗೋಪುರ ಕಂಡರೆ, ಫಿಲ್ಟರ್ ಇಲ್ಲದ ಎಲ್‌ಎನ್‌ಬಿಗೆ ದುಡ್ಡು ಸುರಿಯದಿರುವುದೇ ಜಾಣತನ.